ಎರಡು ಮನೆಯ ಹೇಸರಗತ್ತೆ

ನಾನು ಒಂದು ಹೇಸರಗತ್ತೆ. ನನ್ನ ಪ್ರಾಯದ ಕಾಲದಲ್ಲಿ ನನ್ನಂಥದೊಂದಕ್ಕೆ ಹಾಲು ಕರೆಯುವ ಎರಡು ಹಸುಗಳ ಬೆಲೆ; ನೇಗಿಲೂ ಸೇರಿದರೆ ಮೇಲೊಂದು ಆಡು. ಅಷ್ಟನ್ನು ತೆರುವ ಶಕ್ತಿ ಆ ಹೊಸ ಊರಿನ ಯಾವ ಮನೆಗೂ ಇರಲಿಲ್ಲ. ಹಾಗಾಗಿ ಊರಿನ ಸಹಕಾರ ಸಂಘದವರು ಎರಡು ಮನೆಗೆ ಒಂದು ಹೇಸರಗತ್ತೆಯಂತೆ ಹಂಚಿದರು. ನನ್ನಲ್ಲಿ ಯಾವ ಅರ್ಧ ಯಾರದು ಎಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಾನು ಹುಟ್ಟಿದ್ದು ಕಡಲ ನಡುವಿನ ಒಂದು ದ್ವೀಪದಲ್ಲಿ. ತಾಯಿ ಕುದುರೆ, ತಂದೆ ಕತ್ತೆ. ಈಗ ಕಣ್ಣು ಮುಚ್ಚಿದರೆ ತಾಯಿಯ ಹೊಟ್ಟೆಯ ಬಿಸಿ ನೆನಪಾಗುತ್ತದೆ, ಆಮೇಲೆ ಹಡಗಿನ ತೂಗಾಟ. ಇಳಿದಾಗ ಸುತ್ತಲೂ ಮರುಭೂಮಿ. ಗಾಳಿ ಎದ್ದರೆ ನೆಲವೇ ಎದ್ದು ಹೊರಡುತ್ತಿತ್ತು. ಬೆಳಗಿನ ಹಳದಿ ಧೂಳಿನಲ್ಲಿ ತಗಡಿನ ಮನೆಗಳು ನೀರಿನ ಮೇಲೆ ತೇಲಿದಂತೆ ಕಾಣುತ್ತಿದ್ದವು.

ದೂರದೂರದ ದೇಶಗಳಿಂದ ಬಂದ ಯೆಹೂದಿಗಳು ಕಟ್ಟುತ್ತಿದ್ದ ಊರು ಅದು. ಎಲ್ಲರಿಗೂ ಒಂದೇ ಅಳತೆಯ ಹೊಲ, ಎಲ್ಲರಿಗೂ ಒಂದೇ ಪಂಪಿನ ನೀರು, ಬೆಳೆದದ್ದನ್ನು ಮಾರುವುದು ಒಟ್ಟಿಗೆ. ಕೇರಳದ ಪರವೂರಿನಿಂದ ಎಫ್ರಾಯಿಂ ಮತ್ತು ಅವನ ಹೆಂಡತಿ ಸಿಪ್ಪೋರ ಬಂದ ದಿನ ನಾನು ಅಲ್ಲೇ ನಿಂತಿದ್ದೆ. ಸಿಪ್ಪೋರ ಲಾರಿಯಿಂದ ಇಳಿಯಲೇ ಇಲ್ಲ.

"ಊರು ಎಲ್ಲಿ?" ಎಂದಳು.

"ಇದೇ ಊರು, ತಾಯಿ. ನೀವು ಇಳಿದ ಮೇಲೆ" ಎಂದ ಲಾರಿಯವನು.

ಎಫ್ರಾಯಿಂ ಪರವೂರಿನಲ್ಲಿ ದೋಣಿ ನಡೆಸುತ್ತಿದ್ದವನು. ನೇಗಿಲು ಹಿಡಿದವನಲ್ಲ. ನಾನು ನಿಂತರೆ ಹಿಂದೆ ಬಂದು ದೋಣಿ ತಳ್ಳುವಂತೆ ತಳ್ಳುತ್ತಿದ್ದ. ಪಕ್ಕದ ಮನೆಯ ಮಖ್ಲೂಫ್ ಮೊರಾಕೋದ ಬೆಟ್ಟದವನು. ಹೇಸರಗತ್ತೆಗಳ ನಡುವೆಯೇ ಬೆಳೆದವನು. ಅವನು ಬೇಲಿಗೆ ಒರಗಿ ನಗುತ್ತಿದ್ದ. "ಹುಟ್ಟು ಬೇಕಾ, ದೋಣಿಯವನೇ? ತಂದುಕೊಡ್ಲಾ?"

ಭಾನುವಾರದಿಂದ ಮಂಗಳವಾರದವರೆಗೆ ನಾನು ಎಫ್ರಾಯಿಂನ ಹೊಲದಲ್ಲಿ, ಬುಧವಾರದಿಂದ ಶುಕ್ರವಾರದವರೆಗೆ ಮಖ್ಲೂಫ್‌ನ ಹೊಲದಲ್ಲಿ. ಶನಿವಾರ ಸಬ್ಬತ್, ಮನುಷ್ಯರಿಗೂ ಪಶುಗಳಿಗೂ ಬಿಡುವು. ನ್ಯಾಯವಾದ ಲೆಕ್ಕವೇ. ಆದರೆ ಸಬ್ಬತ್ ಶುಕ್ರವಾರ ಸಂಜೆಗೇ ಶುರುವಾಗುತ್ತದೆ.

"ನನಗೆ ಸಿಕ್ಕೋದು ಎರಡೂವರೆ ದಿನ" ಎಂದ ಮಖ್ಲೂಫ್.

"ಹಬ್ಬಗಳೆಲ್ಲ ನನ್ನ ದಿನಕ್ಕೇ ಬೀಳ್ತವೆ. ಅದನ್ನ ಯಾರು ತುಂಬಿಕೊಡ್ತಾರೆ?" ಎಂದ ಎಫ್ರಾಯಿಂ.

ಮಾತಿಗೆ ಮಾತು ಬೆಳೆದು ಕಡೆಗೆ ಮಾತೇ ನಿಂತುಹೋಯಿತು. ನನ್ನನ್ನು ಬೇಲಿಗೆ ಕಟ್ಟಿ ಒಬ್ಬ ಹೋದರೆ, ಅವನು ಮರೆಯಾದ ಮೇಲೆಯೇ ಇನ್ನೊಬ್ಬ ಬಂದು ಬಿಚ್ಚುತ್ತಿದ್ದ.

ಆ ಚಳಿಗಾಲ ಮೊದಲ ಮಳೆ ಬಿತ್ತು. ಅಲ್ಲಿ ಮಣ್ಣಿನ ಹಸಿ ಹೆಚ್ಚು ದಿನ ನಿಲ್ಲುವುದಿಲ್ಲ. ಎರಡು ವಾರದೊಳಗೆ ಉತ್ತು ಬಿತ್ತಬೇಕು. ಈ ಸಲ ಬಿತ್ತದ ಹೊಲವನ್ನು ಹಿಂದಕ್ಕೆ ಪಡೆದು ಬೇರೆಯವರಿಗೆ ಕೊಡುತ್ತೇವೆ ಎಂದು ಸಂಘದವರು ಹೇಳಿಯಾಗಿತ್ತು. ಎರಡು ಮನೆಗೂ ಇದ್ದದ್ದು ನಾನೊಬ್ಬನೇ. ಆ ವಾರದ ಶನಿವಾರ ನಾನು ನೆಲಕ್ಕೆ ಬಿದ್ದೆ.

ಹೊಟ್ಟೆ ಕಲ್ಲಾಗಿತ್ತು. ಕಾಲು ಮಡಚಿ ಹೊರಳಾಡಿದೆ. ಮೊದಲು ಕಂಡವನು ಮಖ್ಲೂಫ್. ಹೊರಳಿದರೆ ಕರುಳು ತಿರುಚಿಕೊಂಡು ಸಾಯುತ್ತದೆ, ಎಬ್ಬಿಸಿ ನಡೆಸುತ್ತಲೇ ಇರಬೇಕು ಎಂಬುದು ಅವನಿಗೆ ಗೊತ್ತಿತ್ತು. ಆದರೆ ಅದು ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಬೇಲಿಯಾಚೆ ಒಂದು ಗಳಿಗೆ ನೋಡಿದ. ಆಮೇಲೆ ಕೂಗಿದ.

"ಎಫ್ರಾಯಿಂ! ಬಾರೋ, ಸಾಯ್ತಾ ಇದೆ!"

ಇಬ್ಬರೂ ಎರಡು ಪಕ್ಕದಿಂದ ಹೆಗಲು ಕೊಟ್ಟು ಎಬ್ಬಿಸಿದರು. ನಡೆದೆವು. ಪಂಪಿನ ಮನೆ ದಾಟಿ, ಪ್ರಾರ್ಥನಾ ಮಂದಿರ ದಾಟಿ, ಊರನ್ನು ಸುತ್ತಿ ಮತ್ತೆ ಪಂಪಿನ ಮನೆಗೆ. ಪ್ರಾರ್ಥನೆ ಮುಗಿಸಿದವರು ಬಾಗಿಲಲ್ಲಿ ನಿಂತು ನೋಡಿದರು. ಬಿಸಿಲು ಮಂಪರಿನಂತೆ ಕವಿದಿತ್ತು. ನನಗೆ ಒಮ್ಮೆ ಹಡಗಿನಲ್ಲಿದ್ದಂತೆ, ಒಮ್ಮೆ ತಾಯಿಯ ಪಕ್ಕದಲ್ಲಿ ನಡೆದಂತೆ ಅನ್ನಿಸುತ್ತಿತ್ತು. ಏಳನೆಯ ಸುತ್ತಿನವರೆಗೂ ಇಬ್ಬರೂ ತುಟಿ ಬಿಚ್ಚಲಿಲ್ಲ.

"ತಿನ್ನೋಕೆ ಏನಾದ್ರೂ ಹಾಕಿದ್ಯಾ?" ಎಂದ ಮಖ್ಲೂಫ್.

"ಬಾರ್ಲಿ ಹಾಕಿದೆ. ಶನಿವಾರ ಯಾವಾಗ್ಲೂ ಹಾಕೋ ಅಷ್ಟೇ. ಮಳೆಗೆ ಚಿಗುರಿದ ಹಸಿ ಹುಲ್ಲು ಕೊಯ್ದಿಟ್ಟಿದ್ದೆ, ಅದೂ ಒಂದು ಹೊರೆ."

ಮಖ್ಲೂಫ್ ನಿಂತುಬಿಟ್ಟ. "ಯಾವಾಗ್ಲೂ ಅಂದ್ರೆ? ಪ್ರತಿ ಶನಿವಾರನಾ?"

"ಮತ್ತೆ? ಪಶುವಿಗೆ ಹಾಕದೆ ನಾವು ಊಟಕ್ಕೆ ಕೂರೋ ಹಾಗಿಲ್ಲ ಅಂತ ನಮ್ಮ ಶಾಸ್ತ್ರವಲ್ವಾ. ಶನಿವಾರ ನಿನ್ನ ದಿನವೂ ಅಲ್ಲ. ನೀನು ಹಾಕ್ತೀಯೋ ಇಲ್ವೋ, ಕೇಳೋದು ಹೇಗೆ?"

"ಅಯ್ಯೋ, ನಾನೂ ಹಾಕ್ತಿದ್ದೆನಲ್ಲೋ! ಬೆಳಕು ಹರಿಯೋದ್ರೊಳಗೆ. ಇವತ್ತು ಹಸಿ ಹುಲ್ಲೂ ಹಾಕಿದೀನಿ."

ಹಿಂದಿನಿಂದ ನೀರಿನ ಚೆಂಬು ಹಿಡಿದು ಬರುತ್ತಿದ್ದ ಸಿಪ್ಪೋರ ಇಬ್ಬರನ್ನೂ ನೋಡಿದಳು. "ಎರಡು ಬಾಯಿದ್ದೂ ಒಂದು ಮಾತಿಲ್ಲ. ಎರಡು ಊಟ ತಿಂದು ಸಾಯ್ತಿರೋದು ಈ ಮೂಕಪ್ರಾಣಿ!"

ಇಬ್ಬರೂ ಮತ್ತೆ ಹೆಗಲು ಕೊಟ್ಟರು. ನಡಿಗೆ ಮುಂದುವರಿಯಿತು. ಹೊತ್ತು ಇಳಿಯುವಾಗ ನನ್ನ ಹೊಟ್ಟೆಯಿಂದ ಗುಡುಗಿನಂಥದೊಂದು ಸದ್ದು ಹೊರಟಿತು. ಎಫ್ರಾಯಿಂ ಬೆಚ್ಚಿ ಹಿಂದಕ್ಕೆ ಹಾರಿದ. ಮಖ್ಲೂಫ್ ನಗುತ್ತಾ ಅವನ ಬೆನ್ನಿಗೆ ಹೊಡೆದ. "ಬದುಕ್ತು, ಖೂಯಾ! ಬದುಕ್ತು!" ಅವರ ಕಡೆ ಒಡಹುಟ್ಟಿದವನನ್ನು ಹಾಗೆ ಕರೆಯುತ್ತಾರೆ.

ಮಾರನೆಯ ದಿನದಿಂದ ಯಾವ ದಿನ ಯಾರದೆಂದು ಯಾರೂ ನೋಡಲಿಲ್ಲ. ಎಲ್ಲಿ ಹಸಿ ಆರುತ್ತಿತ್ತೋ ಅಲ್ಲಿ ಉತ್ತೆವು. ಮಖ್ಲೂಫ್ ನೇಗಿಲು ಹಿಡಿದ, ಎಫ್ರಾಯಿಂ ಬಿತ್ತಿದ. ಹಸಿ ಆರುವ ಮುಂಚೆ ಎರಡು ಹೊಲವೂ ಮುಗಿದವು.

ಆಮೇಲೆ ಟ್ರ್ಯಾಕ್ಟರು ಬಂತು. ಬಾರ್ಲಿ ಬೆಳೆದ ನೆಲದಲ್ಲಿ ಗುಲಾಬಿಯ ಚಪ್ಪರಗಳೆದ್ದವು. ನನ್ನನ್ನು ಮಾರಿಬಿಡಿ ಎಂದು ಸಂಘದವರು ಹೇಳಿದಾಗ, "ನನ್ನ ಅರ್ಧ ಕೊಡಲ್ಲ" ಎಂದು ಇಬ್ಬರೂ ಬೇರೆಬೇರೆಯಾಗಿ ಹೇಳಿ ಬಂದರು. ಈಗ ಮಖ್ಲೂಫ್ ಇಲ್ಲ. ಎಫ್ರಾಯಿಂನ ಕಣ್ಣು ಮಂಜಾಗಿದೆ, ನನ್ನದೂ ಅಷ್ಟೇ. ಗುಲಾಬಿ ಚಪ್ಪರದ ಹಿಂದಿನ ನೆರಳಿನಲ್ಲಿ ನಿಂತು ದಿನಕ್ಕೆ ಹಲವು ಸಲ ಆ ಊರನ್ನು ಸುತ್ತುತ್ತೇನೆ, ಕಾಲು ಕದಲಿಸದೆ.

ಆ ದಿನದ ಮೇಲೆ ಶನಿವಾರಗಳಲ್ಲಿ ನನಗೆ ಸಿಕ್ಕಿದ್ದು ಒಂದೇ ಪಾಲು. ನಾನು ಕಳೆದುಕೊಂಡದ್ದು ವಾರಕ್ಕೊಂದು ಊಟ. ಅವರಿಗೆ ಉಳಿದದ್ದು ಎರಡು ಹೊಲ.