ಒಲೆಯಲ್ಲಿ ಬೆಂದ ಬ್ಯಾಂಜೊ

ವಾರದ ರಜೆಯ ದಿನ ಭಾವ ಅವಳ ಬೇಕರಿಯ ಬೀಗದ ಕೈ ಕೇಳಿದಾಗ ಅವಳು ಯಾಕೆ, ಏನು ಎನ್ನದೆ ಕೊಟ್ಟಿದ್ದಳು. ಅಕ್ಕನ ಗಂಡ, ಇಲ್ಲ ಅನ್ನುವುದು ಹೇಗೆ? ಮರುದಿನ ಒಲೆಯಿಂದ ತೆಗೆದ ಮೊದಲ ಬ್ರೆಡ್ಡನ್ನು ಕಚ್ಚಿದವಳೇ ಥೂ ಎಂದು ಉಗಿದಳು. ಸುಟ್ಟ ಪ್ಲಾಸ್ಟಿಕ್ಕಿನ ಘಾಟು ನಾಲಿಗೆಗೆ ಅಂಟಿಕೊಂಡಿತು. ಬ್ಯಾಟರಿ ಬಿಟ್ಟು ನೋಡಿದರೆ ಒಲೆಯೊಳಗೆ ಟಾರಿನಂಥ ಕರಿ ಕಲೆ, ಅದರಲ್ಲೊಂದು ಕೆಂಪು ಕಾಗದದ ಚೂರು. ಆ ಕೆಂಪು ಅವಳಿಗೆ ಗೊತ್ತಿತ್ತು, ರೆಕಾರ್ಡಿನ ನಡುವೆ ಅಂಟಿಸಿರುವ ಚೀಟಿಯದು.

ಲಾರಿ ಮೆಕ್ಯಾನಿಕ್ ಆಗಿದ್ದ ಅಪ್ಪ ಜೀವಮಾನವಿಡೀ ಕೂಡಿಟ್ಟ ಬ್ಲೂಗ್ರಾಸ್ ರೆಕಾರ್ಡುಗಳು! ಯಾವುದೋ ದೂರದ ಗುಡ್ಡಗಾಡಿನ ಸಂಗೀತ. ಹಾಡಿನ ಒಂದಕ್ಷರವೂ ಅಪ್ಪನಿಗೆ ತಿಳಿಯುತ್ತಿರಲಿಲ್ಲ. ಆದರೆ ಪಿಟೀಲಿನ ಬೆನ್ನಿಗೆ ಬ್ಯಾಂಜೊ ಶುರುವಾಯಿತೆಂದರೆ ಬಿಸಿ ಬಾಣಲೆಯಲ್ಲಿ ಜೋಳ ಸಿಡಿದಂತೆ ಸ್ವರಗಳು ಒಂದರ ಮೇಲೊಂದು ಹಾರುತ್ತಿದ್ದವು. ಗ್ರೀಸು ಮೆತ್ತಿದ ಕೈಯಲ್ಲೇ ಅಪ್ಪ ಹೆಣ್ಣುಮಕ್ಕಳಿಬ್ಬರನ್ನೂ ಎತ್ತಿ ಕುಣಿಸುತ್ತಿದ್ದ. ಅವನು ಹೋದ ಮೇಲೆ ಅವೆಲ್ಲ ಅಕ್ಕನ ಮನೆ ಸೇರಿದ್ದವು.

ಬೇಕರಿಗೆ ಬೀಗ ಜಡಿದು ಅವಳು ಅಲ್ಲಿಗೇ ನಡೆದಳು.

ಭಾವ ಊಟಕ್ಕೆ ಕೂತಿದ್ದ. ಮುಂದೆ, ರೆಕಾರ್ಡನ್ನು ಒಲೆಯಲ್ಲಿ ಮೆತ್ತಗಾಗಿಸಿ ಹೂವಿನಂತೆ ಅಂಚು ಮಡಿಸಿದ ಕರಿ ಬೋಗುಣಿ. ಅದರ ತುಂಬ ಚೀಪಿದ ಕೋಳಿ ಮೂಳೆ. ರೆಕಾರ್ಡಿನ ಗೆರೆಗಳೊಳಗೆ ಜಿಡ್ಡು ಇಳಿದು ಮಿನುಗುತ್ತಿತ್ತು.

“ಹೇಗಿದೆ? ಮಾರೋಕೆ ಮಾಡಿದ್ದು,” ಎಂದ ಬೆರಳು ನೆಕ್ಕುತ್ತ. “ಆ ಹಳೇ ಪ್ಲೇಟು ಯಾರು ಕೇಳ್ತಾರೆ ಈಗ?”

“ನಾವು ಕೇಳ್ತೀವಿ, ಭಾವ.”

“ಕೇಳಿದ್ರೆ ಹೊಟ್ಟೆ ತುಂಬುತ್ತಾ?” ಎಂದು ಇನ್ನೊಂದು ಮೂಳೆಯನ್ನೂ ಅದಕ್ಕೇ ಉಗಿದ.

ಅವಳು ಬೋಗುಣಿ ಎತ್ತಿ, ಇದ್ದಬದ್ದ ಮೂಳೆಯನ್ನೆಲ್ಲ ಅವನ ಊಟದ ತಟ್ಟೆಗೇ ಸುರಿದಳು. “ನಿಮ್ಮ ಎಂಜಲು ನಿಮಗೇ ಇರ್ಲಿ.”

ಅಡುಗೆಮನೆಯಿಂದ ಬಂದ ಅಕ್ಕ ತಂಗಿಯ ರಟ್ಟೆ ಹಿಡಿದು ಒಳಕೋಣೆಗೆ ಎಳೆದುಕೊಂಡು ಹೋದಳು. “ಬೇಡ ಅಂತ ಬಡ್ಕೊಂಡೆ ಕಣೇ. ಇಷ್ಟನ್ನಾದ್ರೂ ಬಚ್ಚಿಟ್ಟೆ,” ಎಂದು ಹಾಸಿಗೆಯಡಿಯಿಂದ ನಾಲ್ಕೈದು ರೆಕಾರ್ಡು ಎಳೆದಳು.

ಒಂದನ್ನು ಪ್ಲೇಯರಿಗೆ ಹಾಕಿ ಮುಳ್ಳು ಇಳಿಸಿದರು. ಕರಕರ ಸದ್ದು, ಪಿಟೀಲು, ಆಮೇಲೆ ಬ್ಯಾಂಜೊ. ಬೆರಳುಗಳು ತಂತಿಯ ಮೇಲೆ ಓಡಿದ ಓಟಕ್ಕೆ ಅವಳ ಮೈ ಜುಮ್ಮೆಂದಿತು. ಅಕ್ಕ ಸೆರಗಿನಲ್ಲಿ ಕಣ್ಣೊರೆಸಿಕೊಂಡೇ ನಗತೊಡಗಿದಳು. ಬಾಯಲ್ಲಿನ್ನೂ ಘಾಟು ಉಳಿದಿದ್ದರೂ ಅವಳೂ ನಕ್ಕಳು.

ಬಾಗಿಲಲ್ಲಿ ನೆರಳಾಡಿತು. ಭಾವ ಜಿಡ್ಡುಗೈಯನ್ನು ಪ್ಯಾಂಟಿಗೆ ಒರೆಸುತ್ತ ನಿಂತಿದ್ದ. ಅವನ ಕಾಲು ತಾಳ ಹಾಕುತ್ತಿತ್ತು.

“ಪರವಾಗಿಲ್ವೇ, ಚೆನ್ನಾಗೇ ಇದೆ!”

ಮೂಳೆ ಕಂಡಾಗಲೂ ಅವಳಿಗೆ ಇಷ್ಟು ಹೇಸಿಗೆಯಾಗಿರಲಿಲ್ಲ.

ಅಕ್ಕ ಎದ್ದು ಅವನ ಮುಖಕ್ಕೇ ಬಾಗಿಲು ಹಾಕಿ, ಚಿಲಕ ಜಡಿದು ಬಂದಳು.