ಬೀಗರು ಬಂದ ಬಸ್ಸು

ದೇವನಹಳ್ಳಿಯ ಹೊಸ ಏರ್‌ಪೋರ್ಟ್ ಶುರುವಾಗಿ ಇನ್ನೂ ತಿಂಗಳಾಗಿರಲಿಲ್ಲ. ಅಲ್ಲಿಂದ ಚಾಮರಾಜಪೇಟೆಯ ಛತ್ರಕ್ಕೆ ಹನ್ನೆರಡು ಜನರನ್ನು ಕರೆತರಲು ಎಷ್ಟಾಗುತ್ತದೆಂದು ವಿಚಾರಿಸುವ ಕೆಲಸವನ್ನು ಗವಿಪುರಂನ ರಾಮಾನುಜ ಮೇಷ್ಟ್ರು ಹಿರಿಯ ಮಗಳು ಚೂಡಾಮಣಿಗೆ ವಹಿಸಿದರು. ಮದುವೆ ಕಿರಿಯವಳು ಮೈತ್ರೇಯಿಯದು. ಗಂಡಿನವರು ಪುಣೆಯಲ್ಲಿ ನೆಲೆಸಿದ ಕನ್ನಡದವರು, ವಿಮಾನದಲ್ಲಿ ಬರುವವರು.

"ನೀನೇ ನೋಡಮ್ಮ, ಲೆಕ್ಕದಲ್ಲಿ ನೀನು ಗಟ್ಟಿ," ಎಂದರು ಮೇಷ್ಟ್ರು.

ಆರು ವರ್ಷದ ಹಿಂದೆ ಚೂಡಾಮಣಿಯ ಮದುವೆಗೆ ಮೈಸೂರಿನಿಂದ ಬಂದ ಬೀಗರನ್ನು ಇದೇ ಮೇಷ್ಟ್ರು ರೈಲ್ವೆ ಸ್ಟೇಷನ್ನಿನಿಂದ ಆಟೊದಲ್ಲಿ ಕರೆಸಿದ್ದರು. ಅತ್ತೆ ಜಾನಕಮ್ಮ ಛತ್ರದ ಮುಂದೆ ಆಟೊದಿಂದ ಇಳಿಯದೆ ಕೂತುಬಿಟ್ಟಿದ್ದರು. "ಒಂದು ಕಾರು ಮಾಡೋಕೂ ಗತಿಯಿಲ್ಲದ ಮನೆ" ಎಂಬ ಮಾತನ್ನು ಚೂಡಾಮಣಿ ಇವತ್ತಿಗೂ ತಿಂಗಳಿಗೊಮ್ಮೆಯಾದರೂ ಕೇಳುತ್ತಾಳೆ.

ಅವಳು ವಿಚಾರಿಸಿದಳು. ಟ್ಯಾಕ್ಸಿ ಒಂದಕ್ಕೆ ಏಳುನೂರು, ನಾಲ್ಕು ಬೇಕು. ಏರ್‌ಪೋರ್ಟ್ ಬಸ್ಸಿನಲ್ಲಿ ಮೆಜೆಸ್ಟಿಕ್‌ಗೆ ಬಂದು ಆಟೊ ಹಿಡಿದರೆ ಎಲ್ಲ ಸೇರಿ ಸಾವಿರದ ಏಳುನೂರು. ಟೆಂಪೊ ಟ್ರಾವೆಲರ್ ಓಡಿಸುವ ಮರಿಯಣ್ಣ, "ಎರಡು ಸಾವಿರ ಕೊಡಿ ಅಕ್ಕ, ಮೇಷ್ಟ್ರ ಮನೆ ಅಂತ ಹೇಳ್ತಿದೀನಿ. ಛತ್ರದ ಬಾಗಿಲಿಗೇ ತಂದು ಬಿಡ್ತೀನಿ," ಎಂದ.

ಯಾರು ನೋಡಿದರೂ ಮರಿಯಣ್ಣನದೇ ವಾಸಿ. ಚೂಡಾಮಣಿ ಅದರ ಮುಂದೆ ವೇಟಿಂಗು, ಡ್ರೈವರ್ ಭತ್ಯೆ ಎಂದು ತಾನೇ ಎಂಟುನೂರು ಸೇರಿಸಿ ಬರೆದಳು. ಉಳಿತಾಯದ ಚಿಂತೆ ಅವಳಿಗಿರಲಿಲ್ಲ. ತಂಗಿಯ ಅತ್ತೆಯೂ ಛತ್ರದ ಮುಂದೆ ಒಂದು ಸಲ ಮುಖ ಊದಿಸಿಕೊಳ್ಳಲಿ, ಅಷ್ಟೇ ಸಾಕಾಗಿತ್ತು.

"ಬೀಗರನ್ನ ಬಸ್ಸಲ್ಲಿ ಕರೆಸೋದಾ?" ಮೇಷ್ಟ್ರು ಚೀಟಿ ನೋಡಿ ಅನುಮಾನಿಸಿದರು.

"ಎಸಿ ಬಸ್ಸಪ್ಪಾ. ನಮ್ಮತ್ತೆ ಬಂದಿದ್ದು ಆಟೊದಲ್ಲಿ."

ಮೇಷ್ಟ್ರು ಚೀಟಿ ಮಡಿಚಿ ಜೇಬಿಗೆ ಹಾಕಿಕೊಂಡರು. ಬಸ್ಸೇ ಗೊತ್ತಾಯಿತು.

ಮದುವೆಯ ಹಿಂದಿನ ದಿನ ಚೂಡಾಮಣಿ ಪನ್ನೀರುದಾನಿಯ ತಟ್ಟೆ ಹಿಡಿದು ಛತ್ರದ ಮೆಟ್ಟಿಲ ಮೇಲೆ ನಿಂತಳು. ಪಕ್ಕದಲ್ಲಿ ಜಾನಕಮ್ಮ.

"ಬಸ್ಸಲ್ಲಂತೆ! ನಿಮ್ಮಪ್ಪ ಬದಲಾಗೋ ಪೈಕಿ ಅಲ್ಲ ಬಿಡು," ಎಂದರು. ದನಿಯಲ್ಲಿ ಖುಷಿಯಿತ್ತು.

ಮೊದಲ ಆಟೊದಿಂದ ಗಂಡಿನ ತಾಯಿ ನಗುತ್ತಲೇ ಇಳಿದರು.

"ಏನು ಬಸ್ಸು ಮಾರಾಯ್ರೇ ಅದು! ದಾರಿಯುದ್ದಕ್ಕೂ ಅಂತ್ಯಾಕ್ಷರಿ ಆಡಿದ್ವಿ. ಕಂಡಕ್ಟರೂ ಸೇರ್ಕೊಂಡ. ಕಾರಾಗಿದ್ರೆ ಒಬ್ಬೊಬ್ರು ಒಂದೊಂದು ದಿಕ್ಕಿಗೆ ಮುಖ ಮಾಡ್ಕೊಂಡು ಬರ್ತಿದ್ವಿ, ಅಷ್ಟೆ."

"ಬಸ್ಸು ಅಂತ ಹೇಳಿದ್ದು ನಮ್ಮ ಚೂಡಾಮಣೀನೇ," ಎಂದರು ಮೇಷ್ಟ್ರು, ಎದೆಯುಬ್ಬಿಸಿ.

ಗಂಡಿನ ತಾಯಿ ಚೂಡಾಮಣಿಯ ಕೈಯಿಂದ ತಟ್ಟೆ ತೆಗೆದುಕೊಂಡು ಇನ್ಯಾರಿಗೋ ಕೊಟ್ಟರು. "ಬೆಳಗ್ಗೆಯಿಂದ ನಿಂತೇ ಇದೀಯ ಅನ್ಸತ್ತೆ. ತಿಂಡಿ ತಿಂದ್ಯೇನೇ?"

"ತಿಂದೆ," ಎಂದಳು. ತಿಂದಿರಲಿಲ್ಲ. ಮೈಸೂರಿನ ಮನೆಯಲ್ಲಿ ಈ ಆರು ವರ್ಷದಲ್ಲಿ ಒಬ್ಬರೂ ಅವಳನ್ನು ಇದನ್ನು ಕೇಳಿರಲಿಲ್ಲ. ಆಕೆ ಒಳಗೆ ಹೋಗಿ ಮೈತ್ರೇಯಿಯ ಹೆಗಲ ಮೇಲೆ ಕೈ ಹಾಕಿ ಏನೋ ಹೇಳಿದರು, ಇಬ್ಬರೂ ನಕ್ಕರು. ಚೂಡಾಮಣಿಗೆ ಇಷ್ಟು ದಿನ ಒಂದು ಕಾರಿಗಾಗಿ ಉರಿದುಕೊಂಡಿದ್ದು ಇದರ ಮುಂದೆ ಏನೂ ಅಲ್ಲ ಅನ್ನಿಸಿತು.

ಸಂಜೆ ಮೇಷ್ಟ್ರು ಬಂದರು. "ವಾಪಸ್ ಹೋಗೋಕೂ ಬಸ್ಸೇ ಹೇಳ್ಬಿಡ್ಲಾ? ಎಲ್ಲರೂ ಮೈತ್ರೇಯೀನ ಮಧ್ಯೆ ಕೂರಿಸ್ಕೊಂಡು ಹಾಡ್ಕೊಂಡು ಹೋಗ್ತಾರಂತೆ."

"ಬೇಡ. ಟ್ಯಾಕ್ಸಿ ಮಾಡಿ. ನಾಲ್ಕು."

"ಎರಡು ಸಾವಿರದ ಎಂಟುನೂರು ಕಣೇ!"

"ಆಗ್ಲಿ. ಮದುವೆ ಆದ ಹುಡುಗೀನ ಬಸ್ಸಲ್ಲಿ ಕಳಿಸ್ತೀರಾ?"

ತಂಗಿಯ ಮೇಲೆ ಇವಳಿಗೆ ಎಷ್ಟು ಅಕ್ಕರೆ ಎಂದುಕೊಂಡು ಮೇಷ್ಟ್ರು ಅವಳ ತಲೆ ಸವರಿದರು. ಯಾರು ಯಾವ ಟ್ಯಾಕ್ಸಿಯಲ್ಲಿ ಎಂದು ಚೂಡಾಮಣಿ ಅಲ್ಲೇ ಕೂತು ಬರೆದುಕೊಟ್ಟಳು. ತಂಗಿಯ ಅತ್ತೆ ಮೊದಲನೆಯದರಲ್ಲಿ, ಮೈತ್ರೇಯಿ ನಾಲ್ಕನೆಯದರಲ್ಲಿ.