ಗಟ್ಟಿ ತೊಲೆಯ ಕೆಳಗೆ

ಸೊಲ್ಲಾಪುರ ಯಾವ ರಾಜ್ಯಕ್ಕೆ ಸೇರಬೇಕೆಂದು ಪೇಟೆಯ ಗಂಡಸರೆಲ್ಲ ಗಂಟಲು ಹರಿದುಕೊಳ್ಳುತ್ತಿದ್ದ ವರ್ಷ, ಸಾವಿತ್ರಿಬಾಯಿಗೆ ತಲೆಯ ಮೇಲಿನ ಮಾಳಿಗೆಯದೇ ಚಿಂತೆ. ಪಡಸಾಲೆಯ ಜಂತಿಗಳನ್ನು ಹೊತ್ತ ಎರಡು ತೊಲೆಗಳಲ್ಲಿ ಪಡುವಣದ್ದು ನಡುವೆ ಸೀಳು ಬಿಟ್ಟಿತ್ತು. ಅದರ ಕೆಳಗೇ ಗಂಡ ಸಿದ್ದಣ್ಣನ ಮಂಚ. ಜವಳಿ ಅಂಗಡಿಯಲ್ಲಿ ಗಜಗಟ್ಟಲೆ ಅರಿವೆ ಹರಿದ ಕೈ, ಲಕ್ವಾ ಹೊಡೆದ ಮೇಲೆ ನೊಣ ಓಡಿಸಲೂ ಏಳುತ್ತಿರಲಿಲ್ಲ.

ಮಳೆಗಾಲಕ್ಕೆ ಮುಂಚೆ ಮಣ್ಣಿನ ಮಾಳಿಗೆಯ ಮೇಲೆ ನೀರು ಇಳಿಯಗೊಡದ ಕರಲು ಮಣ್ಣು ಹರವುವುದು ಅಲ್ಲಿನ ರೂಢಿ. ಹಳೆಯದನ್ನು ಮೊದಲು ಕೆರೆದು ತೆಗೆಯಬೇಕು. ಅಷ್ಟು ಮೈ ಬಗ್ಗಿಸುವವರು ಯಾರು? ತೊಲೆ ಬಾಗಿ ಮೇಲೆ ತಗ್ಗು ಬಿತ್ತು, ತಗ್ಗಿನಲ್ಲಿ ನೀರು ನಿಂತಿತು. ತಗ್ಗು ತುಂಬಲು ಸಾವಿತ್ರಿಬಾಯಿ ಇನ್ನಷ್ಟು ಮಣ್ಣು ಹಾಕಿಸಿದಳು. ತೊಲೆ ಇನ್ನಷ್ಟು ಬಾಗಿತು. ಮತ್ತೆ ಮಣ್ಣು ಹಾಕಿಸಿದಳು.

ಕೊನೆಗೆ ಅಕ್ಕಲಕೋಟೆಯಿಂದ ಬಡಿಗ ಸಾತಲಿಂಗಪ್ಪನನ್ನು ಕರೆಸಿದಳು. ಒಂದು ಮಾತು ಕೇಳಿದರೆ ಹತ್ತು ಮಾತಾಡುವ ಆಸಾಮಿ. ಸೀಳಿನಲ್ಲಿ ಬೆರಳಿಟ್ಟು ನೋಡಿದ. ಮೂಡಣ ತೊಲೆಗೆ ಸುತ್ತಿಗೆ ಬಡಿದು ಕಿವಿಗೊಟ್ಟ. ಖಣ್ ಎಂದಿತು. ಇದು ಕಲ್ಲಿನಂಥ ಸಾಗುವಾನಿ, ಹೊಸ ತೊಲೆ ಸಿಗುವ ತನಕ ಮಂಚ ಇದರ ಕೆಳಗಿರಲಿ ಎಂದು ಹೇಳಿ ಹೋದ.

ಸಿದ್ದಣ್ಣನಿಗೆ ಇಷ್ಟವಿರಲಿಲ್ಲ. ಮೊದಲಿದ್ದ ಜಾಗದಿಂದ ಬೀದಿ ಕಾಣುತ್ತಿತ್ತು, ಉಳಿದಿದ್ದ ಸುಖ ಅದೊಂದೇ. ಅವನ ಕಣ್ಣಲ್ಲಿ ಬಂದ ನೀರನ್ನು ಸಾವಿತ್ರಿಬಾಯಿ ಸೆರಗಿನಿಂದ ಒರೆಸಿದಳು.

“ಹಟ ಮಾಡಬ್ಯಾಡ್ರಿ. ನೀವು ಇದ್ದರ ನನಗ ಸಾಕು,” ಎಂದು ತಾನೇ ಮಂಚ ಎಳೆದಳು.

ಮರುದಿನ ಮಧ್ಯಾಹ್ನ ಮಳೆ ಹಿಡಿಯಿತು. ಅವಳು ಅಡಿಗೆಮನೆಯಲ್ಲಿ ಗಂಜಿ ಆರಿಸುತ್ತಿದ್ದಾಗ ಪಡಸಾಲೆಯ ಮೂಡಣ ಭಾಗ ಕುಸಿಯಿತು. ಕೂಗಿಗೂ ಬಿಡುವಿರಲಿಲ್ಲ. ಧೂಳು ಇಳಿದಾಗ ಸೀಳಿದ ತೊಲೆ ತನ್ನ ಜಾಗದಲ್ಲೇ ಇತ್ತು, ಅದರ ಕೆಳಗಿನ ನೆಲ ಗುಡಿಸಿದಂತೆ ಖಾಲಿ ಇತ್ತು.

ಸಿದ್ದಣ್ಣನಿಗೆ ಮಣ್ಣು ಕೊಟ್ಟು ಬಂದ ಮೇಲೆ ಸಾತಲಿಂಗಪ್ಪ ಮುರಿದ ತೊಲೆಯ ಮುಂದೆ ಕೂತು ಮುರುಕಿನ ಮೇಲೆ ಬೆರಳಾಡಿಸಿದ. ಚೊಲೊ ಇದ್ದದ್ದು ಹ್ಯಾಂಗ ಬಿತ್ತು ಎಂದು ಅವಳು ಕೇಳಿದಳು.

“ಸೀಳಿದ್ದು ಭಾರ ಹೊರೂದು ಎಂದೋ ಬಿಟ್ಟಿತ್ತರಿ, ಬಾಯಾರ. ಅದರ ಪಾಲಿಂದೂ ಇದೇ ಹೊತ್ತು ನಿಂತಿತ್ತು. ನನಗ ಹೊಳೀಲಿಲ್ಲ.”

ಅಷ್ಟೇ ಹೇಳಿ ಅವನು ಎದ್ದು ಹೋದ. ಮಾತಾಡಿಸಲು ಬಂದ ಓಣಿಯ ಹೆಂಗಸರು ಅವಳ ಕೈ ಹಿಡಿದು, ನೀವಾದ್ರೂ ಏನು ಮಾಡ್ತೀರಿ, ಮಂಚ ಸುದ್ದಾ ಸರಿಸಿದ್ದಿರಿ ಎಂದು ಸಮಾಧಾನ ಹೇಳಿದರು. ಸಾವಿತ್ರಿಬಾಯಿ ಒಬ್ಬೊಬ್ಬರಿಗೂ ತಲೆಯಾಡಿಸಿದಳು.